ಎರಡನೆಯ ನಡೆಗೆ ಎದ್ದುಹೋದವನು

ಕಂಪ್ಯೂಟರಿನಲ್ಲಿ ಚದುರಂಗ ಆಡುವವರಲ್ಲಿ ಕೆಲವರಿಗೆ ಒಂದು ಅಭ್ಯಾಸವಿದೆ. ಎದುರಾಳಿಯ ಮೊದಲ ಎರಡು ನಡೆಗಳನ್ನು ನೋಡುತ್ತಾರೆ. ತಮಗಾಗದ ಓಪನಿಂಗ್, ಎಂದರೆ ಆರಂಭದ ನಡೆಗಳ ಕ್ರಮ, ಬರುತ್ತಿದೆಯೆಂದು ತಿಳಿದ ಕೂಡಲೆ ಮಾತಿಲ್ಲದೆ ಎದ್ದುಹೋಗುತ್ತಾರೆ. ನಾನು ಆಡುತ್ತಿದ್ದ ಇಂಟರ್‌ನೆಟ್ ತಾಣದಲ್ಲಿ ಎರಡು ನಡೆಯೊಳಗೆ ಎದ್ದರೆ ಅದು ಸೋಲೆಂದು ದಾಖಲಾಗುತ್ತಿರಲಿಲ್ಲ. ಆಟ ರದ್ದಾಯಿತೆಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಪರದೆಯ ಮೇಲೆ ಬರುತ್ತಿತ್ತು, ಅಷ್ಟೆ. ಏಕೆ ಹೀಗೆ ಮಾಡುತ್ತಾರೆಂದು ಕೇಳಿದರೆ ಎಲ್ಲರ ಬಳಿಯೂ ಸಿದ್ಧ ಉತ್ತರವಿರುತ್ತದೆ. ಹೆದರಿಕೆಯೆನ್ನುತ್ತಾರೆ, ಸೋಮಾರಿತನವೆನ್ನುತ್ತಾರೆ, ಅಂಕ ಕಡಿಮೆಯಾದೀತೆಂಬ ಜಿಪುಣತನವೆನ್ನುತ್ತಾರೆ. ಈ ಉತ್ತರಗಳನ್ನು ನಾನು ನಂಬುವುದಿಲ್ಲ. ನನ್ನ ಬಳಿ ಇರುವುದು ಒಬ್ಬನೇ ಆಟಗಾರನ ಸಾಕ್ಷ್ಯ. ಒಬ್ಬನಿಂದ ಎಲ್ಲರನ್ನೂ ಅಳೆಯಬಾರದೆಂಬುದು ನನಗೂ ಗೊತ್ತು. ಆದರೆ ಆ ಒಬ್ಬನ ವಿಷಯದಲ್ಲಿ ಎಲ್ಲರೂ ತಪ್ಪಿದರು, ಎಲ್ಲರಿಗಿಂತ ಹೆಚ್ಚಾಗಿ ನಾನೇ ತಪ್ಪಿದೆ. ಆ ತಪ್ಪನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಕ್ಯಾಬಿನ್‌ಮನ್ ಆಗಿದ್ದೆ. ಸ್ಟೇಷನ್ನಿನ ತುದಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆ, ಅದರೊಳಗೆ ಸಾಲಾಗಿ ನಿಂತ ಕಬ್ಬಿಣದ ಲಿವರ್‌ಗಳು. ಯಾವ ಗಾಡಿ ಯಾವ ಹಳಿಗೆ ಬರಬೇಕೋ ಅದಕ್ಕೆ ತಕ್ಕ ಲಿವರನ್ನು ಎಳೆಯುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ಇಂಗ್ಲಿಷ್ ಕಲಿತದ್ದು ರೈಲ್ವೆಯ ನಿಯಮಪುಸ್ತಕದಿಂದ ಮತ್ತು ಬೆನ್ನು ಹರಿದ ಒಂದು ನಿಘಂಟಿನಿಂದ. ಹಾಗೆ ಒಬ್ಬನೇ ಕಲಿತವನಿಗೆ ಬರುವ ಚಾಳಿ ನನಗೂ ಬಂದಿತ್ತು: ಯಾರು ಏನು ಹೇಳಿದರೂ 'ನೀವು ಕಣ್ಣಾರೆ ಕಂಡಿದ್ದೀರಾ?' ಎಂದು ಕೇಳುವುದು. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಎಲೆ ಎಷ್ಟೋ ಸಲ ಖಾಲಿಯೇ ಇರುತ್ತಿತ್ತು.

ನಾನು ಹೇಳಿದ ಆ ಆಟಗಾರ ನನ್ನ ಗೆಳೆಯ; ಹಳೇಬೀಡಿನವನು, ಅಲ್ಲಿ ಗೈಡ್ ಆಗಿದ್ದ. ಬೇಲೂರು, ಹಳೇಬೀಡು ನೋಡಲು ರೈಲಿನಲ್ಲಿ ಬಂದಿಳಿಯುವ ಪ್ರವಾಸಿಗಳನ್ನು ಎದುರುಗೊಳ್ಳಲು ಆಗಾಗ ಅರಸೀಕೆರೆಗೆ ಬರುತ್ತಿದ್ದ. ಗಾಡಿ ತಡವಾದಾಗ ನಮ್ಮ ಕ್ಯಾಬಿನ್ನಿನ ಕೆಳಗಿದ್ದ ಬೇವಿನ ಮರದ ನೆರಳಿಗೆ ಬಂದು ಕೂರುವನು. ಅಲ್ಲಿ ಪಾಳಿ ಮುಗಿಸಿದ ನಾವು ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು ಚದುರಂಗ ಆಡುತ್ತಿದ್ದೆವು. ನಮ್ಮದು ನಾಟಿ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಚೆಕ್ ಬೀಳುವುದಕ್ಕೆ ಮುಂಚೆ ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಒಮ್ಮೆ ಚೆಕ್ ಬಿತ್ತೋ, ಆ ಹಕ್ಕು ಹೋಯಿತು. ಆದ್ದರಿಂದ ನಮ್ಮ ಕಡೆಯ ಆಟಗಾರನ ಕಣ್ಣು ಸದಾ ರಾಜನ ಮೇಲೆಯೇ: ಜಿಗಿಯಲು ಹೊತ್ತಾಯಿತೇ, ಇನ್ನೂ ಇದೆಯೇ? ಗೆಳೆಯನಿಗೆ ಆ ಹೊತ್ತು ಗೊತ್ತಿರುವಷ್ಟು ನನಗೆ ಎಂದೂ ಗೊತ್ತಾಗಲಿಲ್ಲ. ಬಲೆ ಹೆಣೆದು ಮುಗಿಸಿದೆನೆಂದು ನಾನು ಬೀಡಿ ಹೊತ್ತಿಸುವಷ್ಟರಲ್ಲಿ ಅವನ ರಾಜ ಬಲೆಯ ಆಚೆ ನಿಂತಿರುತ್ತಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ಯಾರೋ ಪರದೇಶದ ಪ್ರವಾಸಿ ಕಾರಿನಲ್ಲಿ ಬಿಟ್ಟುಹೋದ ಒಂದು ಚದುರಂಗದ ಪುಸ್ತಕವನ್ನು ಅವನು ತಂದ. ರಕ್ಷಾಪುಟ ಹರಿದಿತ್ತು. ನಾನು ನಿಘಂಟು ಹಿಡಿದೆ, ಅವನು ಗೈಡ್ ಇಂಗ್ಲಿಷ್ ಹಿಡಿದ. ಹಾಗೆ ನಾವಿಬ್ಬರೂ ಕಾಲಾಳು ಎರಡು ಮನೆ ಓಡುವ, ರಾಜ ಎಂದೂ ಜಿಗಿಯದ ಹೊರಗಿನ ಆಟವನ್ನು ಕಲಿತೆವು. ಅದರಲ್ಲೊಂದು ಓಪನಿಂಗ್ ಇತ್ತು. ಬಿಳಿಯವನು ಎರಡನೆಯ ನಡೆಗೇ ರಾಜನ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಶತ್ರುವಿನ ಬಾಯಿಗೆ ಕೊಡುತ್ತಾನೆ. ನಾವು ಅದಕ್ಕೆ 'ಬಲಿ ಆಟ' ಎಂದು ಹೆಸರಿಟ್ಟೆವು. ಇದು ಗಟ್ಟಿಯಾದ ಆರಂಭವಲ್ಲ, ಬಿಳಿಯವನಿಗೆ ನಷ್ಟ ಎಂದು ಪುಸ್ತಕ ಹೇಳಿತ್ತು. ಪುಸ್ತಕ ಹೇಳಿದ ಮಾತ್ರಕ್ಕೆ ಒಪ್ಪಬೇಕೇ? ನಾನು ಒಪ್ಪಲಿಲ್ಲ. ಆ ಒಂದು ಹಟಕ್ಕಾಗಿ ನಾವಿಬ್ಬರೂ ವರ್ಷಗಟ್ಟಲೆ ಅದೊಂದನ್ನೇ ಅಗೆದೆವು. ಭಾನುವಾರಗಳಲ್ಲಿ ನಾನು ಬಸ್ಸು ಹಿಡಿದು ಹಳೇಬೀಡಿಗೆ ಹೋಗುತ್ತಿದ್ದೆ. ಅವನು ಕೆಲಸ ಮುಗಿಸಿ ಬಂದ ಮೇಲೆ ಕೆರೆ ಏರಿಯ ಕಡೆ ಮುಖ ಮಾಡಿದ ಅವನ ಜಗಲಿಯಲ್ಲಿ ನಾನು ಬಲಿ ಕೊಡುತ್ತಿದ್ದೆ, ಅವನು ತಿನ್ನುತ್ತಿದ್ದ. "ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು ಕಣಯ್ಯ" ಎನ್ನುವನು. ಹದಿನಾಲ್ಕನೆಯ ನಡೆಯವರೆಗೆ ಪ್ರತಿಯೊಂದು ಕವಲನ್ನೂ ಅವನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಬರೆದದ್ದನ್ನು ನೋಡಬೇಕಾದ ಅಗತ್ಯ ಅವನಿಗಿರಲಿಲ್ಲ. ದೇವಸ್ಥಾನದ ಗೋಡೆಯ ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳನ್ನು ಮೂರು ಭಾಷೆಗಳಲ್ಲಿ ಬಾಯಿಪಾಠ ಹೇಳುವವನಿಗೆ ಹದಿನಾಲ್ಕು ನಡೆ ಯಾವ ಲೆಕ್ಕ?

ನಮ್ಮ ಜಗಳ ಒಂದೇ, ಅದೂ ಬೇಲೂರಿನ ಕಪ್ಪೆಯ ವಿಷಯಕ್ಕೆ. ಆ ಕಥೆ ಎಲ್ಲರಿಗೂ ಗೊತ್ತಿರುವುದೇ. ಶಿಲ್ಪಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆಯೆಂದು ಮಗನೇ ಹೇಳುತ್ತಾನೆ. ಗಂಧ ಬಳಿದರೆ ಹೊಟ್ಟೆಯ ಭಾಗ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಟ್ಟರೆ ಒಳಗಿಂದ ನೀರೂ ಕಪ್ಪೆಯೂ ಹೊರಬರುತ್ತವೆ. ಗೆಳೆಯ ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ.

"ಕಪ್ಪೆ ಕಂಡೋರು ಯಾರಯ್ಯ? ನೀನು ಕಂಡಿದ್ದೀಯಾ?" ಎಂದು ಒಮ್ಮೆ ನಾನು ಕೆಣಕಿದೆ.

"ಇಲ್ಲ. ನಮ್ಮಪ್ಪನೂ ಕಂಡಿರ್ಲಿಲ್ಲ."

"ಮತ್ತೆ ನಾಚಿಕೆ ಇಲ್ದೆ ದಿನಾ ಹೇಳ್ತೀಯಲ್ಲ?"

"ಬಂದೋರು ಕೇಳ್ತಾರೆ, ಹೇಳ್ತೀನಿ. ಕಪ್ಪೆ ಇತ್ತೋ ಇಲ್ವೋ ನೋಡ್ಲೇಬೇಕು ಅಂತಿದ್ರೆ ಮೂರ್ತಿ ಒಡೀಬೇಕಾಗ್ತದೆ ಕಣಯ್ಯ. ಒಡೀತೀಯೇನು?"

"ಒಡೀತೀನಿ."

"ಒಡೀತೀಯ, ಒಡೀತೀಯ" ಎಂದು ಅವನು ನಕ್ಕ. "ನೀನು ಒಡೆಯೋ ಪೈಕಿನೇ. ನಡೆ ಇಡು, ಸಾಕು."

ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಕೆಲವು ವರ್ಷಗಳಲ್ಲಿ ನಾನು ನಿವೃತ್ತನಾದೆ. ಅವನ ಹೆಂಡತಿ ತೀರಿಕೊಂಡಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಒಬ್ಬಳೇ ಮಗಳಿಗೆ ಬೀದರಿಗೆ ವರ್ಗವಾಯಿತು. ಅಪ್ಪನನ್ನೂ ಕರೆದುಕೊಂಡು ಹೋದಳು. ಪ್ರವಾಸಿಗಳು ಕಡಿಮೆಯಾಗಿದ್ದಾರೆ, ಕಾಲುನೋವು, ಎಂದು ಅವನು ನನಗೆ ಕಾರಣ ಹೇಳಿದ. ಬೇರೆಯವರು ಹೇಳಿದ್ದನ್ನೆಲ್ಲ ಜರಡಿ ಹಿಡಿಯುವ ನಾನು ಅವನ ಕಾರಣವನ್ನು ಮಾತ್ರ ಹಾಗೆಯೇ ನುಂಗಿದೆ. ನಿವೃತ್ತ ನೌಕರನಾದ ನನಗೆ ರೈಲಿನ ಪಾಸಿತ್ತು. ಯಾವ ದಿನ ಬೇಕಾದರೂ ಬೀದರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಊರು ಬಿಟ್ಟವನು ಅವನು, ಬರಬೇಕಾದವನೂ ಅವನೇ ಎಂದು ಕುಳಿತೆ.

ನಮ್ಮ ಊರಿನಲ್ಲಿ ಆಗತಾನೆ ಸೈಬರ್ ಸೆಂಟರುಗಳು ತೆರೆದಿದ್ದವು. ಬಸ್ ನಿಲ್ದಾಣದ ಹಿಂದೆ ಒಬ್ಬ ಹೆಂಗಸು ನಡೆಸುತ್ತಿದ್ದ ಸೆಂಟರಿಗೆ ನಾನು ಹೋಗತೊಡಗಿದೆ. ಮೌಸ್ ಹಿಡಿಯುವುದನ್ನು ಕಲಿಸಿದವಳು ಅವಳೇ. ಬೀದರಿನಲ್ಲಿ ಮಗಳು ಮನೆಗೇ ಒಂದು ಕಂಪ್ಯೂಟರು ತರಿಸಿದ್ದಳು. ಹೀಗೆ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ನಾನು ಇಲ್ಲಿ, ಅವನು ಅಲ್ಲಿ ಕೂತು ಆಡುವುದೆಂದು ಗೊತ್ತುಮಾಡಿಕೊಂಡೆವು. ಮೊದಲ ಕೆಲವು ತಿಂಗಳು ಬಲಿ ಆಟ ಹಿಂದಿನಂತೆಯೇ ನಡೆಯಿತು. ಆಮೇಲೆ ಅದು ನಿಂತಿತು. ನಾನು ಬಿಳಿ ಹಿಡಿದು ಎರಡನೆಯ ನಡೆಗೆ ಕಾಲಾಳನ್ನು ಕೊಟ್ಟ ತಕ್ಷಣ ಅವನು ಎದ್ದುಹೋಗುತ್ತಿದ್ದ. ಎರಡು ನಿಮಿಷ ಬಿಟ್ಟು ಮರಳಿ ಬಂದು, ತಾನೇ ಹೊಸ ಆಟ ಶುರು ಮಾಡಿ, ಬಿಳಿ ತೆಗೆದುಕೊಂಡು, ಮಂತ್ರಿಯ ಕಡೆಯ ಯಾವುದೋ ಕಾಲಾಳನ್ನು ಸುಮ್ಮನೆ ತಳ್ಳುವನು. ಬರೆದು ಕೇಳಿದರೆ ಮುಂದಿನ ನಡೆ ಇಡುವನು.

"ಹೆದರ್ಕೊಂಡವ್ರೆ ಬಿಡಿ ಯಜಮಾನ್ರೇ" ಎಂದಳು ಸೆಂಟರಿನ ಹೆಂಗಸು. "ನಂಬರ್ ಕಮ್ಮಿ ಆಗ್ತದೆ ಅಂತ ಓಡೋಗೋರು ಬೇಜಾನ್ ಜನ ಅವ್ರೆ. ಇಲ್ಲಿ ಬಂದು ಆಡೋರೆಲ್ಲ ಅದೇ ಹೇಳ್ತಾರೆ."

"ಅವನು ಹೆದರೋನಲ್ಲ ತಾಯಿ."

"ನೀವು ನೋಡಿದ್ದೀರಾ?" ಎಂದಳು. ನನ್ನ ಪ್ರಶ್ನೆಯನ್ನು ನನಗೇ ಹಿಂದಿರುಗಿಸುವುದನ್ನು ಅವಳು ಬಹಳ ಬೇಗ ಕಲಿತಿದ್ದಳು.

ಹೆದರಿಕೆಯೆಂಬ ಮಾತನ್ನು ನಾನು ಒಪ್ಪಲಿಲ್ಲ. ಅದು ಸರಿಯೇ. ಆದರೆ ಅದರ ಜಾಗದಲ್ಲಿ ಇಟ್ಟುಕೊಂಡ ನನ್ನ ಊಹೆ ಅದಕ್ಕಿಂತ ಕೀಳಾಗಿತ್ತು. ಬೀದರಿನಲ್ಲಿ ಅವನಿಗೆ ನನಗಿಂತ ಚೆನ್ನಾಗಿ ಆಡುವವರು ಸಿಕ್ಕಿದ್ದಾರೆ. ನಮ್ಮ ಬಲಿ ಆಟ ಹುಡುಗಾಟವೆಂದು ಅವರು ಹೇಳಿರಬೇಕು. ಅಷ್ಟು ವರ್ಷ ನನ್ನ ಹಟಕ್ಕೆ ಸಿಕ್ಕಿ ಕಾಲ ಕಳೆದೆನಲ್ಲಾ ಎಂದು ಇವನು ಈಗ ನನ್ನನ್ನು ತಾತ್ಸಾರದಿಂದ ನೋಡುತ್ತಿದ್ದಾನೆ. ಹೀಗೆ ನಾಲ್ಕು ಗೋಡೆ ಕಟ್ಟಿ ಮಾಡು ಹೊದಿಸಿ, ನನ್ನದೇ ಊಹೆಯೊಳಗೆ ನಾನು ವಾಸ ಮಾಡತೊಡಗಿದೆ. ಅದನ್ನು ಮಾತ್ರ ಯಾರೂ ಕಣ್ಣಾರೆ ಕಂಡಿರಲಿಲ್ಲ. ನನಗೆ ನಾನೇ ಆ ಪ್ರಶ್ನೆ ಹಾಕಿಕೊಳ್ಳಲಿಲ್ಲ.

ಅವನನ್ನು ಹಿಡಿದು ನಿಲ್ಲಿಸಲು ಒಂದು ದಾರಿ ಹುಡುಕಿದೆ. ಬಲಿ ಆಟದಲ್ಲಿ ಮೊದಲು ರಾಜನ ಮುಂದಿನ ಕಾಲಾಳು, ಆಮೇಲೆ ಒಂಟೆಯ ಮುಂದಿನದು. ಈ ಕ್ರಮವನ್ನು ತಿರುವುಮುರುವು ಮಾಡಿದರೆ? ಒಂದು ಭಾನುವಾರ ನಾನು ಒಂಟೆಯ ಮುಂದಿನ ಕಾಲಾಳನ್ನೇ ಮೊದಲು ಎರಡು ಮನೆ ತಳ್ಳಿದೆ. ಇದು ಬೇರೇನೋ ಆಟವೆಂದುಕೊಂಡು ಅವನು ತನ್ನ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಂದ. ನಾನು ನನ್ನ ರಾಜನ ಮುಂದಿನದನ್ನು ತಂದೆ. ಈಗ ಮಣೆಯ ಮೇಲೆ ನಿಂತಿರುವುದು ಹಳೆಯ ಬಲಿಯೇ. ಅವನ ಕೈ ರೂಢಿಯಂತೆ ಅದನ್ನು ತಿಂದಿತು. ತಿಂದ ಮೇಲೆ ಎದ್ದುಹೋದರೆ ಸೋಲು.

ನಾಲ್ಕನೆಯ ನಡೆಯವರೆಗೆ ಅವನು ನಮ್ಮ ದಾರಿಯಲ್ಲೇ ಬಂದ. ಐದನೆಯದಕ್ಕೆ ಅವನ ಕುದುರೆ ಹೊರಬರಬೇಕು. ಹಳೇಬೀಡಿನ ಜಗಲಿಯಲ್ಲಿ ಆ ಕುದುರೆಯನ್ನು ಅವನು ನನ್ನ ಮುಖವನ್ನೇ ನೋಡುತ್ತ, ಕಾಯಿಯನ್ನು ನೋಡದೆ ಇಡುತ್ತಿದ್ದ. ಈಗ ಐದು ನಿಮಿಷ ಕಳೆಯಿತು, ಆರು ಕಳೆಯಿತು. ಕುದುರೆ ಬರಲಿಲ್ಲ. ಮಣೆಯ ಅಂಚಿನ ಕಾಲಾಳೊಂದು ಒಂದು ಮನೆ ಮುಂದೆ ಬಂತು. ಯಾವುದೋ ಹೊಸ ಕುತಂತ್ರವಿರಬೇಕೆಂದು ನಾನು ಎಚ್ಚರಗೊಂಡು ಒಂಟೆಯನ್ನು ತಂದೆ. ಅವನ ಅದೇ ಅಂಚಿನ ಕಾಲಾಳು ಇನ್ನೊಂದು ಮನೆ ಬಂತು. ಆಗ ನನ್ನ ಒಂಟೆ ಅವನ ರಾಜನ ಪಕ್ಕದ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಹನ್ನೆರಡನೆಯ ನಡೆಗೆ ಅವನ ರಾಜ ಸತ್ತ.

ನನಗೆ ಅಂದು ಆದ ಸಂತೋಷವನ್ನು ನೆನೆದರೆ ಈಗ ಮೈ ಉರಿಯುತ್ತದೆ. ಮಾತು ಬರೆಯುವ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದೇ ಕೀಲಿ ಹುಡುಕಿ ಒತ್ತುತ್ತ ಎರಡು ಪದ ಬರೆದೆ: ಕಪ್ಪೆ ಸಿಕ್ಕಿತು.

ಆಮೇಲೆ ಅವನು ತಾಣದಲ್ಲಿದ್ದಾನೆಂದು ತೋರಿಸುವ, ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋಯಿತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂರನೆಯದಕ್ಕೆ ನಾನು ಪಕ್ಕದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಮಗಳು ಎತ್ತಿದಳು. ಅವಳು ಚಿಕ್ಕಂದಿನಿಂದ ನನ್ನನ್ನು ಮಾಮ ಎಂದೇ ಕರೆಯುವವಳು.

"ಏನಮ್ಮ, ನಿಮ್ಮಪ್ಪ ಸೋತಿದ್ದಕ್ಕೆ ಮುನಿಸ್ಕೊಂಡ್ನಾ?" ಎಂದು ನಾನು ನಗುತ್ತಲೇ ಕೇಳಿದೆ.

ಅವಳು ನಗಲಿಲ್ಲ. "ಮಾಮ, ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರು. ಅಪ್ಪಂಗೆ ಮರೆವಿನ ಕಾಯಿಲೆ. ಹಳೇಬೀಡಲ್ಲೇ ಶುರುವಾಗಿತ್ತು. ಗುಡೀಲಿ ಜನರ ಮುಂದೆ ನಿಂತ್ಕೊಂಡು ಮುಂದಿನ ಮಾತು ಬರ್ದೆ ಎರಡು ಸಲ ವಾಪಸ್ ಬಂದುಬಿಟ್ಟಿದ್ರು. ಅದಕ್ಕೇ ಇಲ್ಲಿಗೆ ಕರ್ಕೊಂಡ್ ಬಂದಿದ್ದು."

"ನನಗ್ಯಾಕೆ ಹೇಳ್ಬಾರ್ದು?"

"ಎಲ್ರಿಗೂ ಗೊತ್ತಾಗೋಯ್ತು, ಅವನೊಬ್ಬನ ಮುಂದೆ ಮಾತ್ರ ನಾನು ಇನ್ನೂ ಸರಿಯಾಗಿದ್ದೀನಿ ಕಣೇ, ಅದನ್ನೂ ಕೆಡಿಸ್ಬೇಡ ಅಂತಿದ್ರು."

ಅವಳು ಹೇಳುತ್ತ ಹೋದಳು, ನಾನು ಬೂತಿನ ಗಾಜಿಗೆ ಹಣೆಯಾನಿಸಿ ಕೇಳಿದೆ. ಸುಮ್ಮನೆ ತಳ್ಳಿಕೊಂಡು ಹೋಗುವ ಆಟಗಳನ್ನು ಅವನು ಇನ್ನೂ ಆಡಬಲ್ಲವನಾಗಿದ್ದ; ಅಲ್ಲಿ ಮಣೆಯನ್ನು ನೋಡಿದರೆ ಸಾಕು. ಬಲಿ ಆಟಕ್ಕೆ ಮಣೆ ಸಾಲದು, ನೆನಪು ಬೇಕು. ಮೊದಮೊದಲು ನೋಟುಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ನಿಭಾಯಿಸಿದ. ಆಮೇಲೆ ತಾನೇ ಬರೆದ ಸಾಲುಗಳೂ ಮಣೆಯ ಮೇಲಿನ ಕಾಯಿಗಳೂ ಒಂದಕ್ಕೊಂದು ಕೂಡದಾದವು. ಆದ್ದರಿಂದ ಅದು ಬಂದಾಗಲೆಲ್ಲ ಎದ್ದುಹೋಗುತ್ತಿದ್ದ. ಎದ್ದುಹೋಗಿ, ಬಚ್ಚಲಲ್ಲಿ ಮುಖ ತೊಳೆದುಕೊಂಡು, ಎರಡು ನಿಮಿಷದ ಮೇಲೆ ಮತ್ತೆ ಬಂದು ಕೂರುತ್ತಿದ್ದ. ನಾನು ತಾತ್ಸಾರವೆಂದು ಓದಿದ್ದು ಆ ಎರಡು ನಿಮಿಷವನ್ನು.

"ಆವತ್ತು ನೀವು ಏನೋ ಬರೆದ್ರಂತೆ. ನನಗೆ ತೋರಿಸ್ಲಿಲ್ಲ. 'ನನ್ನ ಕಾಯಿಲೆ ಅವನಿಗೆ ಗೊತ್ತಾಗೋಯ್ತು' ಅಂದ್ರು, ಅಷ್ಟೇ. ಮತ್ತೆ ಕಂಪ್ಯೂಟರ್ ಮುಂದೆ ಕೂತಿಲ್ಲ ಮಾಮ. ವಾರದಲ್ಲಿ ಭಾನುವಾರ ಅನ್ನೋದೊಂದು ಅವರಿಗೆ ಗೊತ್ತಾಗ್ತಿತ್ತು. ಶನಿವಾರನೇ ಶರ್ಟ್ ತೆಗೆದಿಡು ಅನ್ನೋರು. ಈಗ ಅದೂ ಹೋಯ್ತು."

ನನಗೆ ಗೊತ್ತಾಗಿರಲಿಲ್ಲ. ಅದನ್ನು ಅವನಿಗೆ ಹೇಗೆ ತಿಳಿಸುವುದು? ನನಗೇನೂ ಕಂಡಿರಲಿಲ್ಲ, ನಾನು ಕುರುಡ, ನಾನು ಬರೆದದ್ದು ಬರೀ ಪೋಲಿಮಾತು ಎಂದು ಅವನಿಗೆ ಹೇಳಬೇಕಾಗಿತ್ತು. ಫೋನು ಕೊಡೆಂದರೆ ಅವನು ಬರಲೊಲ್ಲ. ಪತ್ರ ಬರೆದೆ, ಓದಿಸಿಕೊಂಡು ಮಡಿಸಿಟ್ಟನಂತೆ. ನಾನೇ ಬಲಿ ಆಟ ಮರೆತಿದ್ದೇನೆ, ನೀನು ಬಂದು ಹೇಳಿಕೊಡಬೇಕು ಎಂದು ಮಗಳ ಬಾಯಲ್ಲಿ ಹೇಳಿಸಿದೆ. "ಅವನು ಮರೆಯೋ ಆಸಾಮಿನಾ? ಬಲೆ ಹಾಕ್ತಾವ್ನೆ" ಎಂದನಂತೆ. ಜೀವನದಲ್ಲಿ ಮೊದಲ ಸಲ ನಾನು ಅವನಿಗೆ ಒಂದು ಸುಳ್ಳು ಹೇಳಿದೆ. ಅದನ್ನು ನಂಬಲಾರದಷ್ಟು ಅವನಿಗೆ ನನ್ನ ಗುರುತಿತ್ತು.

ಆಗ ನನಗೆ ನಾಟಿ ಆಟ ನೆನಪಾಯಿತು. ಬಲಿ ಆಟ ನಡುವಯಸ್ಸಿನಲ್ಲಿ ಕಲಿತದ್ದು. ಒಂದೊಂದೇ ಮನೆ ನಡೆಯುವ ಆಟ ಬಾಲ್ಯದ್ದು. ಮೇಲಿನ ಅಂತಸ್ತು ಬಿದ್ದರೂ ತಳಪಾಯ ಉಳಿದಿರಬಹುದಲ್ಲವೇ? ಮಗಳಿಗೆ ಹೇಳಿದೆ: "ಎರಡು ಮನೆ ಓಡೋ ಆಟನೇ ಇಲ್ಲ ಅಂತ ಹೇಳಮ್ಮ. ಬೇವಿನ ಮರದ ಕೆಳಗಿನ ಆಟ ಅಂತ ಹೇಳು. ಅಷ್ಟು ಸಾಕು." ಪ್ರತಿ ಭಾನುವಾರ ನಾಲ್ಕಕ್ಕೆ ನಾನು ಸೆಂಟರಿನಲ್ಲಿ ಹಾಜರು. ಕೆಲವು ದಿನ ಕರೆಂಟಿರುತ್ತಿರಲಿಲ್ಲ. ಕತ್ತಲಾದ ಪರದೆಯ ಮುಂದೆ ಕೂತೇ ಇರುತ್ತಿದ್ದೆ. ಆ ಹೆಂಗಸು ಬಾಗಿಲಲ್ಲಿ ನಿಂತು ನೋಡುವಳು.

"ಮನೆಗೋಗಿ ಯಜಮಾನ್ರೇ. ಐದೂವರೆ ತಂಕ ಬರಲ್ಲ ಕರೆಂಟು."

"ಇರಲಿ ತಾಯಿ. ಅವನು ಬಂದಿದ್ರೆ?"

"ಅವ್ರು ಬಂದ್ರೂ ಕಾಣಲ್ವಲ್ಲ ನಿಮಗೆ!"

ಅದು ನಿಜ. ಆದರೂ ಏಳಲಾಗುತ್ತಿರಲಿಲ್ಲ. ಆ ದಿನಗಳಲ್ಲಿ ಊರ ಹತ್ತಿರದ ಮಾಲೇಕಲ್ಲಿನ ಬೆಟ್ಟ ಹತ್ತಿ ದೇವರಿಗೆ ಕೈಮುಗಿದು ಬಂದೆ. ಮೆಟ್ಟಿಲ ಮೇಲೆ ಎದುರಾದ ಪರಿಚಯದವರು ನನ್ನನ್ನು ದುರುಗುಟ್ಟಿ ನೋಡಿದರು. ಅಲ್ಲಿಗೆ ಹೋದರೆ ಹರಕೆ ಈಡೇರುತ್ತದೆಂಬುದನ್ನು ಯಾರು ಕಂಡಿದ್ದಾರೆಂದು ಕೇಳುತ್ತ ಬಂದವನು ನಾನೇ.

ಎಂಟನೆಯ ಭಾನುವಾರವೋ ಒಂಬತ್ತನೆಯದೋ, ನಾಲ್ಕೂ ಇಪ್ಪತ್ತಕ್ಕೆ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ತಿತು. ಆಟ ಶುರು ಮಾಡಿ, ರಾಜನ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ತಳ್ಳಿದೆ. ಸ್ವಲ್ಪ ಹೊತ್ತಿನಲ್ಲಿ ಅವನದೂ ಒಂದು ಮನೆ ಬಂತು. ನಾನು ಇನ್ನೊಂದು, ಅವನು ಇನ್ನೊಂದು. ಹೀಗೆ ಕಾಲಾಳುಗಳು ಹಳ್ಳಿಯ ದನಗಳಂತೆ ನಿಧಾನವಾಗಿ, ಒಂದರ ಹಿಂದೆ ಒಂದು, ಎದುರುಬದುರಾದವು. ಅವನು ಆಡುತ್ತಿದ್ದ! ಬೇವಿನ ಮರದ ಕೆಳಗೆ ಆಡುತ್ತಿದ್ದ ಹಾಗೆಯೇ ಆಡುತ್ತಿದ್ದ. ನನ್ನ ಆನೆಗೆ ದಾರಿಯಾಗದಂತೆ ಮೂಲೆ ಕಟ್ಟಿದ. ಹದಿನೆಂಟನೆಯ ನಡೆಗೆ ನನ್ನ ಒಂಟೆಯೊಂದನ್ನು ಎಷ್ಟು ಸೊಗಸಾಗಿ ಹಿಡಿದನೆಂದರೆ, ಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಾನು "ಭಲೇ!" ಎಂದೆ. ನಾನು ಸೋಲುತ್ತಿದ್ದೆ. ಸೋಲು ಅಷ್ಟು ರುಚಿಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಪ್ಪತ್ತನಾಲ್ಕನೆಯ ನಡೆಗೆ ನನ್ನ ಕುದುರೆ ಅವನ ರಾಜನ ಸಮೀಪಕ್ಕೆ ಬಂತು. ಮುಂದಿನ ನಡೆಗೆ ಚೆಕ್. ಅವನ ಗಡಿಯಾರದಲ್ಲಿ ಹನ್ನೆರಡು ನಿಮಿಷವಿತ್ತು. ಅದು ಹನ್ನೊಂದಾಯಿತು, ಹತ್ತಾಯಿತು. ಯೋಚಿಸುತ್ತಿದ್ದಾನೆಂದುಕೊಂಡೆ. ಏಳಾಯಿತು. ಮಣೆಯ ಮೇಲೆ ಒಂದು ಕಾಯಿಯೂ ಅಲುಗಲಿಲ್ಲ. ನಾಲ್ಕಾದಾಗ ನಾನು 'ಇದ್ದೀಯಾ?' ಎಂದು ಬರೆದೆ. ಸೆಕೆಂಡುಗಳು ಬರಿದಾದವು. ಆಟವನ್ನು ನಾನು ಗೆದ್ದೆನೆಂದು ಪರದೆ ಘೋಷಿಸಿತು.

ಬೂತಿಗೆ ಓಡಿದೆ. ಮಗಳ ದನಿ ಒಡೆದಿತ್ತು.

"ರಾಜನ್ನ ಎತ್ತಿ ಎತ್ತಿ ಕುದುರೆ ಥರ ಆ ಕಡೆ ಇಡ್ತಾ ಇದ್ರು ಮಾಮ. ಅದು ವಾಪಸ್ ಬಂದು ಅಲ್ಲೇ ಕೂತ್ಕೊಳ್ಳೋದು. ಮತ್ತೆ ಎತ್ತೋರು, ಮತ್ತೆ ವಾಪಸ್ ಬರೋದು. ಹಂಗೆ ಹೋಗಲ್ಲಪ್ಪ ಅಂದ್ರೆ, ಹೋಗ್ತದೆ ಕಣೇ, ಇನ್ನೂ ಚೆಕ್ ಬಿದ್ದಿಲ್ಲ ಕಣೇ ಅಂತಾರೆ. ಕೊನೆಗೆ ನಂಗೆ ಇದೂ ಮರೆತುಹೋಯ್ತಾ ಅಂತ ಅತ್ತುಬಿಟ್ರು."

ಅವನು ಏನನ್ನೂ ಮರೆತಿರಲಿಲ್ಲ. ಜಿಗಿಯುವ ಹೊತ್ತು ಅದೇ ಆಗಿತ್ತು. ಅದಕ್ಕಿಂತ ಒಂದು ನಡೆ ಮುಂಚೆ ಅಲ್ಲ, ಒಂದು ನಡೆ ತಡವಾಗಿಯೂ ಅಲ್ಲ. ನಮ್ಮ ಕ್ಯಾಬಿನ್ನಿನಲ್ಲಿ ಒಂದು ಲಿವರ್ ಬೀಗ ಹಾಕಿಕೊಂಡಿದ್ದರೆ ಇನ್ನೊಂದನ್ನು ಎಷ್ಟು ಎಳೆದರೂ ಅದು ಬರುತ್ತಿರಲಿಲ್ಲ. ಕೈ ಸೋತು, ನಾನೇ ತಪ್ಪಿದೆನೇನೋ ಎಂಬ ಭ್ರಮೆ ಹುಟ್ಟುತ್ತಿತ್ತು. ಅಂಥ ಯಂತ್ರದ ಮುಂದೆ ಅವನನ್ನು ಕರೆದು ಕೂರಿಸಿದ್ದು ನಾನು. ಕಾಲಾಳು ಒಂದು ಮನೆ ಹೋಗಲು ಕಂಪ್ಯೂಟರು ಒಪ್ಪುತ್ತದೆ, ರಾಜ ಜಿಗಿಯಲು ಒಪ್ಪುವುದಿಲ್ಲ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವನಲ್ಲಿ ಕೊನೆಯದಾಗಿ ಉಳಿದಿದ್ದ ಸರಿಯಾದ ನಡೆಯನ್ನು ಅವನ ಕಣ್ಣೆದುರೇ ಹನ್ನೆರಡು ನಿಮಿಷ ಸುಳ್ಳು ಮಾಡಿಸಿದೆ.

ಮರುದಿನವೇ ಮರದ ಮಣೆಯನ್ನೂ ಕಾಯಿಗಳ ಚೀಲವನ್ನೂ ತೆಗೆದುಕೊಂಡು, ಬಳಸದೆ ಬಿದ್ದಿದ್ದ ಪಾಸಿನಲ್ಲಿ ಬೀದರಿಗೆ ಹೊರಟೆ. ದಾರಿಯಲ್ಲಿ ಗಾಡಿ ಬದಲಿಸಿ ತಲುಪುವಷ್ಟರಲ್ಲಿ ಮಾರನೆಯ ದಿನದ ಮಧ್ಯಾಹ್ನವಾಗಿತ್ತು. ಅವನು ನಡುಮನೆಯಲ್ಲಿ ಕುರ್ಚಿಯ ಮೇಲೆ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕುಳಿತಿದ್ದ. ಬಹಳ ಸೊರಗಿದ್ದ. ಮಗಳು ನನ್ನ ಹೆಸರು ಹೇಳಲು ಬಾಯಿ ತೆರೆದಳು. ಅವನು ನನ್ನನ್ನು ನೋಡಿ, ಎದ್ದು ನಿಂತು, ಪ್ರವಾಸಿಗಳಿಗೆ ಮಾಡುತ್ತಿದ್ದಂತೆ ಎರಡು ಕೈ ಜೋಡಿಸಿದ.

"ಬನ್ನಿ, ಕೂತ್ಕೊಳ್ಳಿ. ಯಾವೂರು ತಮ್ದು?"

ಬಾಗಿಲಲ್ಲೇ ನಿಂತಿದ್ದ ಮಗಳಿಗೆ ಬೇಡವೆಂದು ಕಣ್ಣು ಸನ್ನೆ ಮಾಡಿದೆ. "ಅರಸೀಕೆರೆ ಕಡೆ" ಎಂದೆ. "ಒಂದು ಆಟ ಆಡೋಣ ಅಂತ ಬಂದೆ. ನಾಟಿ ಆಟ."

ಅವನ ಮುಖ ಅರಳಿತು. ಕಾಯಿಗಳನ್ನು ತಾನೇ ಜೋಡಿಸಿದ, ಒಂದೂ ತಪ್ಪಲಿಲ್ಲ. ಒಂದೊಂದೇ ಮನೆ ನಡೆಸುತ್ತ ಹೋದೆವು. ನನ್ನ ಕುದುರೆ ಹತ್ತಿರ ಬಂದಾಗ ಅವನು ರಾಜನನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಕ್ಷಣ ಗಾಳಿಯಲ್ಲೇ ಹಿಡಿದು, ಹೆದರುತ್ತ ಹೆದರುತ್ತ ಜಿಗಿಸಿ ಇಟ್ಟ. ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ರಾಜ ಅಲ್ಲೇ ನಿಂತ. ಆಮೇಲೆ ನನ್ನ ಮುಖ ನೋಡಿದ.

"ಸರಿ ಐತೆ ಅಲ್ವಾ?"

"ಸರಿಯಾಗಿದೆ" ಎಂದೆ.

ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅರಸೀಕೆರೆಯಲ್ಲಿ ನನ್ನ ಸ್ನೇಹಿತ ಒಬ್ಬ ಇದ್ದಾನೆ. ರೈಲ್ವೇಲಿ. ಭಾಳಾ ಬುದ್ಧಿವಂತ. ಗೊತ್ತೇನು ತಮಗೆ?"

"ಕೇಳಿದ್ದೀನಿ."

"ಅವನ ಕೂಡೆ ಆಡಿದ್ರೆ ಹುಷಾರು. ಕಪ್ಪೆ ಐತೇನೋ ಅಂತ ಮೂರ್ತಿನೇ ಒಡೆದು ನೋಡೋ ಜಾತಿ ಅದು." ಸ್ವಲ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. "ಊರಲ್ಲಿ ಸಿಕ್ಕಿದ್ರೆ ನಾನು ಇಲ್ಲಿದ್ದೀನಿ ಅಂತ ಹೇಳ್ಬೇಡಿ. ಚೆನ್ನಾಗಿದ್ದಾನೆ, ಎಲ್ಲೋ ದೂರದಲ್ಲಿ ಗೈಡ್ ಕೆಲಸ ಮಾಡ್ಕೊಂಡಿದ್ದಾನೆ ಅಂತ ಅನ್ನಿ."

"ಅಂತೀನಿ."

"ನಂಬಲ್ಲ ಅವನು. ನೀವು ನೋಡಿದ್ದೀರಾ ಅಂತ ಕೇಳ್ತಾನೆ."

"ನೋಡಿದೆ ಅಂತ ಹೇಳ್ತೀನಿ."

ಅವನಿಗೆ ಸಮಾಧಾನವಾದಂತೆ ಕಂಡಿತು. ಮಣೆಯ ಮೇಲೆ ಬಾಗಿ, "ನಿಮ್ಮ ನಡೆ" ಎಂದ. ನಾನು ಅಂಚಿನ ಕಾಲಾಳನ್ನು ಒಂದು ಮನೆ ಮುಂದೆ ಇಟ್ಟೆ.